ರೆಂಬ್ರಾಂಟನ ಮನೆಯ ಜಪ್ತಿ ಪಟ್ಟಿ

1639ರ ಜನವರಿ 5ರಂದು, ಆಮ್‌ಸ್ಟರ್‌ಡ್ಯಾಮಿನಲ್ಲಿ 32 ವರ್ಷದ ಒಬ್ಬ ಯುವಕ ಮನೆ ಕೊಂಡ. ಕೈತುಂಬ ಕೆಲಸ ಇತ್ತು. ಮದುವೆಯಾಗಿ ನಾಲ್ಕೂವರೆ ವರ್ಷ ಆಗಿತ್ತು, ಹೆಂಡತಿ ಅನುಕೂಲಸ್ಥರ ಮನೆಯ ಹುಡುಗಿ. ಅಲ್ಲಿಯವರೆಗೆ ಬಾಡಿಗೆ ಮನೆಗಳಲ್ಲಿ ಇದ್ದರು. ಹೊಸ ಮನೆಯ ಬೆಲೆ 13,000 ಗಿಲ್ಡರ್. ಅಷ್ಟು ಹಣ ಒಟ್ಟಿಗೆ ಅವನ ಹತ್ತಿರ ಇರಲಿಲ್ಲ. ಕಾಲು ಭಾಗವನ್ನು ಮನೆಗೆ ಬಂದ ಒಂದು ವರ್ಷದೊಳಗೆ ಕಂತುಗಳಲ್ಲಿ ಕೊಡುವುದು, ಉಳಿದದ್ದನ್ನು ಐದಾರು ವರ್ಷದಲ್ಲಿ ತೀರಿಸುವುದು, ಬಾಕಿಗೆ ನೂರಕ್ಕೆ ಐದರ ಬಡ್ಡಿ. ಇದು ಒಪ್ಪಂದ.

ಸರ್ಜಾಪುರ ರೋಡಲ್ಲೋ ವೈಟ್‌ಫೀಲ್ಡಲ್ಲೋ ಫ್ಲ್ಯಾಟ್ ಬುಕ್ ಮಾಡಿದ ನಿಮ್ಮ ಗೆಳೆಯನ ಕತೆ ಥರ ಕೇಳಿಸ್ತಾ ಇದ್ದರೆ, ಅದು ನಿಮ್ಮ ತಪ್ಪಲ್ಲ. ಆ ಯುವಕನ ಹೆಸರು ರೆಂಬ್ರಾಂಟ್. ಲೈಡನ್ ಊರಿನ ಗಿರಣಿ ಮಾಲೀಕನ ಮಗ. ಹತ್ತಿರ ಹತ್ತಿರ ಎಂಟು ವರ್ಷದ ಹಿಂದೆ ದೊಡ್ಡ ಊರಿಗೆ ಬಂದು, ಶ್ರೀಮಂತರ ಭಾವಚಿತ್ರ ಬರೆದು ಹೆಸರು ಮಾಡಿದ್ದ. ಆ ಮನೆ ಇವತ್ತು ಮ್ಯೂಸಿಯಂ. ಅದನ್ನು ನೋಡಲು ಹೋದ ನನಗೆ ಚಿತ್ರಗಳಿಗಿಂತ ಹೆಚ್ಚಾಗಿ ತಲೆಯಲ್ಲಿ ಉಳಿದದ್ದು ಆ ಮನೆಯ ಲೆಕ್ಕ. ಈ ಬರಹ ಅದರ ಬಗ್ಗೆ.

13,000 ಗಿಲ್ಡರ್ ಅಂದರೆ ಎಷ್ಟು? ಆ ಕಾಲದ ಆಮ್‌ಸ್ಟರ್‌ಡ್ಯಾಮಿನಲ್ಲಿ ನುರಿತ ಕುಶಲಕರ್ಮಿಯೊಬ್ಬ ವರ್ಷಕ್ಕೆ ಸುಮಾರು 300 ಗಿಲ್ಡರ್ ದುಡಿಯುತ್ತಿದ್ದ. ಅಂಥವನಿಗೆ ಅದು ನಲವತ್ತು ವರ್ಷಕ್ಕೂ ಮೀರಿದ ದುಡಿಮೆ. ರೆಂಬ್ರಾಂಟನ ಅತ್ಯಂತ ಹೆಸರಾದ ಚಿತ್ರ, ಗೋಡೆ ತುಂಬುವ ‘ನೈಟ್ ವಾಚ್’ಗೆ 1642ರಲ್ಲಿ ಸಿಕ್ಕಿದ್ದು ಸುಮಾರು 1,600 ಗಿಲ್ಡರ್. ಅಂದರೆ ಮನೆಯ ಬೆಲೆ ಎಂಟು ‘ನೈಟ್ ವಾಚ್’. ಬದುಕಿನಲ್ಲಿ ಅಂಥದ್ದು ಒಂದು ಆಗುವುದೇ ಹೆಚ್ಚು.

ಮನೆ ಕೊಂಡ ತಿಂಗಳಲ್ಲೇ ಕೈ ಬಿಗಿಯಾಗಿದೆ. ಇದು ಅವನ ಪತ್ರಗಳಿಂದ ಗೊತ್ತಾಗುತ್ತದೆ. ರೆಂಬ್ರಾಂಟ್ ಬರೆದ ಪತ್ರಗಳಲ್ಲಿ ನಮಗೆ ಉಳಿದಿರುವುದು ಏಳೇ ಏಳು. ಏಳೂ ಒಬ್ಬನಿಗೇ ಬರೆದದ್ದು: ರಾಜಪ್ರತಿನಿಧಿ ಫ್ರೆಡರಿಕ್ ಹೆಂಡ್ರಿಕ್‌ನ ಕಾರ್ಯದರ್ಶಿ ಕಾನ್‌ಸ್ಟಂಟೈನ್ ಹೈಗನ್ಸ್‌ಗೆ. ಪಿಯುಸಿ ಫಿಸಿಕ್ಸ್‌ನಲ್ಲಿ ಬೆಳಕಿನ ತರಂಗ ಸಿದ್ಧಾಂತ ಓದಿದ್ದೀರಲ್ಲ, ಆ ಹೈಗನ್ಸ್‌ನ ಅಪ್ಪ ಇವನು. ಪತ್ರಗಳ ವಿಷಯ ಕಲೆಯ ತತ್ವ ಅಂದುಕೊಂಡರೆ ನಿರಾಶೆಯಾಗುತ್ತದೆ. ಚಿತ್ರ ಮುಗಿದಿದೆ, ಕಳಿಸ್ತಾ ಇದ್ದೇನೆ, ದಯವಿಟ್ಟು ಹಣ ಬೇಗ ಬರುವ ಹಾಗೆ ನೋಡಿ. 1639ರ ಶುರುವಿನಲ್ಲಿ ಅವನು ಎರಡು ಚಿತ್ರಗಳಿಗೆ ತಲಾ 1,000 ಗಿಲ್ಡರ್ ಕೇಳಿದ. ಸಿಕ್ಕಿದ್ದು ತಲಾ 600, ಜೊತೆಗೆ ಚೌಕಟ್ಟು ಮತ್ತು ಪೆಟ್ಟಿಗೆಯ ಖರ್ಚು 44. ಇನ್‌ವಾಯ್ಸ್ ಕಳಿಸಿ ಕ್ಲೈಂಟಿನ ಹಿಂದೆ ಬಿದ್ದವರಿಗೆ ಈ ಪತ್ರಗಳ ಧಾಟಿ ಬಿಡಿಸಿ ಹೇಳಬೇಕಾಗಿಲ್ಲ.

ಆಫೀಸಿನ ಕೆಲಸದ ಮೇಲೆ ಕೆಲವು ವಾರ ನೆದರ್‌ಲ್ಯಾಂಡ್ಸ್‌ನಲ್ಲಿ ಇದ್ದಾಗ ಒಂದು ಶನಿವಾರ ಈ ಮನೆಗೆ ಹೋದೆ. ವಾಟರ್ಲೂಪ್ಲೈನ್ ಮೆಟ್ರೊ ಸ್ಟೇಷನ್ನಿನಿಂದ ಎರಡು ನಿಮಿಷದ ನಡಿಗೆ. ಬೀದಿಗೆ ಈಗ ಯೋಡೆನ್‌ಬ್ರೇಸ್ಟ್ರಾಟ್ ಅಂತ ಹೆಸರು, ಯಹೂದಿಗಳ ಅಗಲ ಬೀದಿ ಅಂತ ಅರ್ಥ. ರೆಂಬ್ರಾಂಟನ ಕಾಲದಲ್ಲೂ ಸುತ್ತಮುತ್ತ ಪೋರ್ಚುಗಲ್ ಕಡೆಯಿಂದ ಬಂದ ಯಹೂದಿ ವ್ಯಾಪಾರಿಗಳು, ಚಿತ್ರಕಾರರು, ಕಲಾವ್ಯಾಪಾರಿಗಳು ಇದ್ದರು. ಟಿಕೆಟ್ ತೆಗೆದುಕೊಳ್ಳುವುದು ಪಕ್ಕದಲ್ಲಿ ಕಟ್ಟಿದ ಹೊಸ ಕಟ್ಟಡದಲ್ಲಿ. ಅಲ್ಲಿಂದ ಹಳೆಯ ಮನೆಯ ಅಡುಗೆಮನೆಗೆ ಇಳಿಯಬೇಕು.

ಅಡುಗೆಮನೆಯಲ್ಲಿ ದೊಡ್ಡ ಒಲೆ, ತಾಮ್ರ ಹಿತ್ತಾಳೆಯ ಪಾತ್ರೆಗಳು. ಗೋಡೆಯಲ್ಲೇ ಬೀರುವಿನ ಥರ ಒಂದು ಮಂಚ, ಬಾಗಿಲು ಹಾಕಿಕೊಂಡು ಮಲಗುವಂಥದ್ದು. ಮನೆಗೆಲಸದ ಹುಡುಗಿ ಮಲಗುತ್ತಿದ್ದದ್ದು ಅಲ್ಲಿ. ಎಷ್ಟು ಗಿಡ್ಡ ಅಂದರೆ ಕಾಲು ಚಾಚಲು ಆಗಲ್ಲ. ಆ ಕಾಲದವರು ದಿಂಬಿಗೆ ಒರಗಿ ಅರ್ಧ ಕೂತ ಹಾಗೆ ಮಲಗುತ್ತಿದ್ದರಂತೆ. ಮೇಲೆ ಬೀದಿ ಕಡೆಗೆ ಪಡಸಾಲೆ, ಪಕ್ಕದಲ್ಲಿ ಗಿರಾಕಿಗಳನ್ನು ಕೂರಿಸಿ ಚಿತ್ರ ಮಾರುವ ಕೋಣೆ, ಹಿಂದೆ ಕುಟುಂಬದ ವಾಸದ ಕೋಣೆ. ಕಡಿದಾದ ಸುರುಳಿ ಮೆಟ್ಟಿಲು ಹತ್ತಿದರೆ ಚಿತ್ರ ಬರೆಯುವ ದೊಡ್ಡ ಕೋಣೆ. ಉತ್ತರಕ್ಕೆ ಎತ್ತರದ ಕಿಟಕಿಗಳು, ಬಿಸಿಲು ನೇರ ಬೀಳದ, ದಿನವಿಡೀ ಒಂದೇ ಸಮ ಇರುವ ಬೆಳಕು. ಅದರ ಹಿಂದೆ ಸಂಗ್ರಹದ ಕೋಣೆ: ಶಂಖ, ಹವಳ, ರೋಮನ್ ಚಕ್ರವರ್ತಿಗಳ ತಲೆಗಳು, ಈಟಿ ಬಿಲ್ಲುಗಳು, ವಾದ್ಯಗಳು, ಕಟ್ಟುಕಟ್ಟು ಚಿತ್ರಗಳ ಪುಸ್ತಕಗಳು.

ಯಾವ ಕೋಣೆಯಲ್ಲಿ ಯಾವ ಸಾಮಾನು ಇತ್ತು ಅಂತ 350 ವರ್ಷದ ಮೇಲೆ ಇವರಿಗೆ ಹೇಗೆ ಗೊತ್ತು? ದೊಡ್ಡವರ ಮನೆಗಳಲ್ಲಿ ಸಾಮಾನ್ಯವಾಗಿ ಮೊಮ್ಮಕ್ಕಳು ಕೊಟ್ಟ ಒಂದು ಕನ್ನಡಕ, ಒಂದು ಕುರ್ಚಿ ಇರುತ್ತದೆ, ಉಳಿದದ್ದು ಊಹೆ. ಇಲ್ಲಿ ಊಹೆ ಕಡಿಮೆ. ಇವರ ಹತ್ತಿರ ಒಂದು ಪಟ್ಟಿ ಇದೆ. ಬರೆದವರು ಅಭಿಮಾನಿಗಳಲ್ಲ, ದಿವಾಳಿ ಕಚೇರಿಯವರು. 1656ರ ಜುಲೈ 25 ಮತ್ತು 26ರಂದು ಬಂದು, ಕೋಣೆಯಿಂದ ಕೋಣೆಗೆ ಹೋಗಿ, 363 ನಮೂದುಗಳಲ್ಲಿ ಇಡೀ ಮನೆಯನ್ನು ಕಾಗದದ ಮೇಲೆ ಇಳಿಸಿದರು. ನಮ್ಮ ಹಳ್ಳಿಗಳಲ್ಲಿ ಇದಕ್ಕೆ ಒಂದೇ ಪದ: ಜಪ್ತಿ. ಆ ಪದ ಕೇಳಿ ಬೆಳೆದವರಿಗೆ ಅದರ ತೂಕ ಗೊತ್ತು. ಸಾಲ ಕಟ್ಟದವನ ಮನೆಯಿಂದ ಹಂಡೆ ಹೊರಗೆ ಬರುವಾಗ ಅಕ್ಕಪಕ್ಕದವರು ನೋಡಿಯೂ ನೋಡದ ಹಾಗೆ ನಿಂತಿರುತ್ತಾರೆ.

ರೆಂಬ್ರಾಂಟ್ ಅಲ್ಲಿಗೆ ತಲುಪಿದ್ದು ಹೇಗೆ ಅನ್ನುವುದಕ್ಕೆ ಒಂದು ಜನಪ್ರಿಯ ಕತೆ ಇದೆ. ‘ನೈಟ್ ವಾಚ್’ ಬರೆದ, ಅದು ಯಾರಿಗೂ ಅರ್ಥವಾಗಲಿಲ್ಲ, ದುಡ್ಡು ಕೊಟ್ಟವರು ತಿರಸ್ಕರಿಸಿದರು, ಅಲ್ಲಿಂದ ಪ್ರತಿಭಾವಂತನ ಪತನ. ಸಿನಿಮಾಕ್ಕೆ ಚೆನ್ನಾಗಿದೆ, ಆದರೆ ನಡೆದದ್ದು ಹಾಗಲ್ಲ. ಚಿತ್ರಕ್ಕೆ ಹಣ ಸಂದಿತ್ತು. ಯಾವ ಸಭಾಂಗಣಕ್ಕಾಗಿ ಬರೆದನೋ ಅಲ್ಲೇ ಅದು ಎಪ್ಪತ್ತಕ್ಕೂ ಹೆಚ್ಚು ವರ್ಷ ತೂಗಿತು. 1715ರಲ್ಲಿ ನಗರಸಭೆಯ ಕಟ್ಟಡಕ್ಕೆ ಸಾಗಿಸಿದಾಗ ಗೋಡೆಗೆ ಹಿಡಿಸಲಿಲ್ಲ ಅಂತ ಅಂಚುಗಳನ್ನು ಕತ್ತರಿಸಿದರು, ಆ ಮಾತು ಬೇರೆ.

ನಿಜವಾಗಿ ನಡೆದದ್ದು ನಿಧಾನ, ಮತ್ತು ನಮಗೆ ಪರಿಚಯ ಇರುವಂಥದ್ದು. 1642ರಲ್ಲಿ ಹೆಂಡತಿ ಸಾಸ್ಕಿಯಾ ತೀರಿಕೊಂಡಳು. ನಾಲ್ಕು ಮಕ್ಕಳಲ್ಲಿ ಮೂವರು ಹಸುಗೂಸುಗಳಾಗಿಯೇ ಹೋಗಿದ್ದರು. ಉಳಿದವನು ಒಂದು ವರ್ಷವೂ ತುಂಬದ ಟೈಟಸ್. ಆಮೇಲಿನ ವರ್ಷಗಳಲ್ಲಿ ರೆಂಬ್ರಾಂಟ್ ದುಡ್ಡು ತರುತ್ತಿದ್ದ ಭಾವಚಿತ್ರಗಳನ್ನು ಬಹಳ ಕಡಿಮೆ ಮಾಡಿದ. ಜನಕ್ಕೆ ನುಣುಪಾದ, ಹೊಳೆಯುವ ಚಿತ್ರಗಳು ಬೇಕಾಗಿದ್ದವು. ಅವನ ಹತ್ತಿರವೇ ಕಲಿತ ಫ್ಲಿಂಕ್, ಬೋಲ್ ಅಂಥವರು ಅದನ್ನು ಕೊಟ್ಟು ಮುಂದೆ ಹೋದರು. ಇವನ ಬಣ್ಣ ಇನ್ನಷ್ಟು ದಪ್ಪ, ಇನ್ನಷ್ಟು ಒರಟು ಆಗುತ್ತಾ ಹೋಯಿತು. ಖರ್ಚು ಮಾತ್ರ ನಿಲ್ಲಲಿಲ್ಲ. ಹರಾಜು ಎಲ್ಲಿ ನಡೆದರೂ ಅಲ್ಲಿ ಅವನಿರುತ್ತಿದ್ದ. ಇಟಲಿಯ ಮುದ್ರಣಗಳು, ಹಳೆಯ ಆಯುಧ, ಸಮುದ್ರದ ಚಿಪ್ಪು, ಎಲ್ಲ ಬೇಕು. ಚಿತ್ರಕ್ಕೆ ಆಕರ ಅನ್ನುವುದು ನಿಜ. ಹಾಗೇ ಚಟ ಅನ್ನುವುದೂ ನಿಜ.

ಮನೆಯ ಕಂತು? ಸುಮಾರು 1649ರ ಹೊತ್ತಿಗೆ ಕಟ್ಟುವುದೇ ನಿಂತುಹೋಯಿತು. 1652ರಲ್ಲಿ ಇಂಗ್ಲೆಂಡಿನ ಜೊತೆ ಯುದ್ಧ ಶುರುವಾಗಿ ಹಡಗು ವ್ಯಾಪಾರಕ್ಕೆ ಪೆಟ್ಟು ಬಿತ್ತು, ಆಮ್‌ಸ್ಟರ್‌ಡ್ಯಾಮಿನಲ್ಲಿ ಎಲ್ಲರಿಗೂ ಹಣದ ಬಿಕ್ಕಟ್ಟು. ಇಷ್ಟು ವರ್ಷ ಸುಮ್ಮನಿದ್ದ ಮನೆ ಮಾರಿದವ ಕ್ರಿಸ್ಟೊಫೆಲ್ ಟೈಸ್, 1653ರಲ್ಲಿ ಲೆಕ್ಕ ಕೇಳಿದ. ಅಸಲು ಬಾಕಿ 7,000, ಬಡ್ಡಿ ಮತ್ತು ತೆರಿಗೆ ಸೇರಿ 8,470 ಗಿಲ್ಡರ್. ಹದಿನಾಲ್ಕು ವರ್ಷದಲ್ಲಿ ಅಸಲಿನ ಅರ್ಧವೂ ತೀರಿಲ್ಲ. ಅದೇ ಹೊತ್ತಿಗೆ ಪಕ್ಕದ ಮನೆಯ ಡೇನಿಯಲ್ ಪಿಂಟೊ ತನ್ನ ಮನೆ ಎತ್ತರಿಸುವ ಕೆಲಸ ಹಿಡಿದಿದ್ದ, ನಡುಗೋಡೆಯ ಖರ್ಚಿನ ತಕರಾರು ಬೇರೆ.

ರೆಂಬ್ರಾಂಟ್ ಮಾಡಿದ್ದು ಸಾಲ ತೀರಿಸಲು ಸಾಲ. 1653ರ ಮೊದಲ ಮೂರು ತಿಂಗಳಲ್ಲಿ ನಗರದ ಮೇಯರ್ ವರ್ಗಕ್ಕೆ ಸೇರಿದ ಕಾರ್ನೆಲಿಸ್ ವಿಟ್ಸೆನ್‌ನಿಂದ 4,180, ಐಸಾಕ್ ವಾನ್ ಹರ್ಟ್ಸ್‌ಬೇಕ್ ಅನ್ನುವವನಿಂದ 4,200, ಗೆಳೆಯ ಯಾನ್ ಸಿಕ್ಸ್‌ನಿಂದ 1,000. ಒಟ್ಟು 9,380. ಮನೆಯ ಬಾಕಿಗಿಂತ ಹೆಚ್ಚೇ ಎತ್ತಿದ. ಆದರೂ ಟೈಸ್‌ನ ಬಾಕಿ ಪೂರ್ತಿ ಚುಕ್ತಾ ಆಗಲಿಲ್ಲ, ಉಳಿದದ್ದಕ್ಕೆ ಮನೆಯನ್ನೇ ಅಡ ಬರೆದುಕೊಟ್ಟ. ಯಾನ್ ಸಿಕ್ಸ್‌ನ ಭಾವಚಿತ್ರವನ್ನು ಮರುವರ್ಷ ಬರೆದ. ಒಂದು ಕೈಗೆ ಗ್ಲೌಸ್ ಹಾಕಿಕೊಂಡು ಹೊರಡಲು ನಿಂತ ಮನುಷ್ಯನ ಆ ಚಿತ್ರ ಇವತ್ತಿಗೂ ಸಿಕ್ಸ್ ಮನೆತನದವರ ಹತ್ತಿರವೇ ಇದೆ. ಸಾಲಪತ್ರವನ್ನು ಮಾತ್ರ ಸಿಕ್ಸ್ ಬೇರೆಯವರಿಗೆ ದಾಟಿಸಿಬಿಟ್ಟ.

1656ರ ಮೇ ತಿಂಗಳಲ್ಲಿ ರೆಂಬ್ರಾಂಟ್ ಒಂದು ಕೆಲಸ ಮಾಡಿದ. ಅದನ್ನು ಓದುವಾಗ ನನಗೆ ನಗು ಬಂತು, ಯಾಕಂದರೆ ಅದು ನಮ್ಮ ತಾಲ್ಲೂಕು ಕಚೇರಿಗಳಲ್ಲಿ ಎಲ್ಲರಿಗೂ ಗೊತ್ತಿರುವ ಉಪಾಯ. ಮನೆಯನ್ನು ಮಗನ ಹೆಸರಿಗೆ ಮಾಡಿಸಿದ. ಟೈಟಸ್‌ಗೆ ಆಗ 14 ವರ್ಷ. ತಾಯಿಯ ಉಯಿಲಿನ ಪ್ರಕಾರ ಅವಳ ಪಾಲು ಮಗನದ್ದು. 1647ರಲ್ಲಿ ಗಂಡಹೆಂಡಿರ ಒಟ್ಟು ಆಸ್ತಿ 40,750 ಗಿಲ್ಡರ್ ಅಂತ ರೆಂಬ್ರಾಂಟನೇ ಲೆಕ್ಕ ಕೊಟ್ಟಿದ್ದರಿಂದ ಹುಡುಗನ ಪಾಲು 20,375. ಹಾಗಾಗಿ ಮನೆ ಮಗನಿಗೆ ಸೇರಬೇಕಾದ್ದೇ ಅಂತ ವಾದ. ಸಾಲಗಾರರು ಒಪ್ಪುತ್ತಾರಾ? ಎರಡು ತಿಂಗಳಲ್ಲಿ ರೆಂಬ್ರಾಂಟ್ ತಾನಾಗಿ ನ್ಯಾಯಾಲಯಕ್ಕೆ ಅರ್ಜಿ ಹಾಕಿ, ವ್ಯಾಪಾರದಲ್ಲೂ ಸಮುದ್ರದಲ್ಲೂ ನಷ್ಟವಾಗಿದೆ, ನನ್ನ ಆಸ್ತಿಯನ್ನೆಲ್ಲ ಸಾಲಗಾರರಿಗೆ ಬಿಟ್ಟುಕೊಡುತ್ತೇನೆ ಅಂದ. ಹೀಗೆ ಬಿಟ್ಟುಕೊಟ್ಟರೆ ಜೈಲು ತಪ್ಪುತ್ತಿತ್ತು, ಒಂದಿಷ್ಟು ಮರ್ಯಾದೆಯೂ ಉಳಿಯುತ್ತಿತ್ತು.

ಆಮೇಲೆ ಪ್ರಕರಣ ಹೋದದ್ದು ನಗರಸಭೆಯ ಹೊಚ್ಚಹೊಸ ಕಟ್ಟಡದಲ್ಲಿದ್ದ ದಿವಾಳಿ ಕಚೇರಿಗೆ. ಅದು ಈಗ ಡಾಮ್ ಚೌಕದಲ್ಲಿರುವ ಅರಮನೆ. ಆ ಕಚೇರಿಯ ಬಾಗಿಲ ಮೇಲಿನ ಕೆತ್ತನೆ ಇವತ್ತೂ ಇದೆ: ರೆಕ್ಕೆ ಕಟ್ಟಿಕೊಂಡು ಸೂರ್ಯನ ಹತ್ತಿರ ಹಾರಲು ಹೋಗಿ ಬಿದ್ದ ಗ್ರೀಕ್ ಪುರಾಣದ ಇಕಾರಸ್, ಅದರ ಸುತ್ತ ಖಾಲಿ ಹಣದ ಪೆಟ್ಟಿಗೆಗಳು, ಓಡಾಡುವ ಇಲಿಗಳು. ಒಳಗೆ ಹೋಗುವವನಿಗೆ ಬಾಗಿಲಲ್ಲೇ ತೀರ್ಪು.

ಈಗ ಆ ಪಟ್ಟಿಗೆ ಬರೋಣ. ಪಡಸಾಲೆಯಿಂದ ಶುರು. ಮೊದಲ ನಮೂದು ಆಡ್ರಿಯಾನ್ ಬ್ರೌವರ್ ಬರೆದ ಒಂದು ಸಣ್ಣ ಚಿತ್ರ. ಆಮೇಲೆ ಚಿತ್ರದ ಮೇಲೆ ಚಿತ್ರ, ರೆಂಬ್ರಾಂಟನವೇ ಹಲವು ಹತ್ತು. ಇಟಲಿಯ ಮಾಂಟೆನ್ಯನ ಕೃತಿಗಳ ಬೆಲೆಬಾಳುವ ಪುಸ್ತಕ. ಎರಡು ಗ್ಲೋಬು. ಒಂದು ಜಪಾನಿ ಶಿರಸ್ತ್ರಾಣ. ಸಿಂಹ ಮತ್ತು ಸಿಂಹಿಣಿಯ ಚರ್ಮ. ‘ಇಂಡಿಯಾ’ದ ಕೈ ಆಯುಧ, ಬಾಣ, ಬಿಲ್ಲುಗಳು ಒಟ್ಟು ಅರವತ್ತು. ಆಗ ಡಚ್ಚರಿಗೆ ಇಂಡಿಯಾ ಅಂದರೆ ಗುಜರಾತಿನಿಂದ ಜಾವಾದವರೆಗೆ ಎಲ್ಲವೂ ಸೇರಿತು. ಗುಮಾಸ್ತನಿಗೆ ಇದರಲ್ಲಿ ಭಾವನೆ ಏನೂ ಇಲ್ಲ. ರಾಫೆಲ್ ಬರೆದದ್ದು ಅಂತ ಹೇಳಲಾದ ಚಿತ್ರಕ್ಕೂ ಹಳೆಯ ಕುರ್ಚಿಗೂ ಒಂದೊಂದೇ ಸಾಲು. ಅಡುಗೆಮನೆಗೆ ಬಂದರೆ ಒಂದು ನೀರಿನ ಪಾತ್ರೆ, ಕೆಲವು ಮಡಕೆ ಬಾಣಲೆ, ಸಣ್ಣ ಮೇಜು, ಒಂದು ಬೀರು, ಹಳೇ ಕುರ್ಚಿಗಳು, ಎರಡು ಕುರ್ಚಿ ದಿಂಬು. ನಡುಹಾದಿಯಲ್ಲಿ ಒಂಬತ್ತು ಬಿಳಿ ಬಟ್ಟಲು, ಎರಡು ಮಣ್ಣಿನ ತಟ್ಟೆ.

ಕೊನೆಯ ನಮೂದು ನನ್ನನ್ನು ಹಿಡಿದು ನಿಲ್ಲಿಸಿದ್ದು. ಒಗೆಯಲು ಕೊಟ್ಟಿದೆ ಅಂತ ಮನೆಯವರು ಹೇಳಿದ ಬಟ್ಟೆಗಳು: ಮೂರು ಗಂಡಸರ ಅಂಗಿ, ಆರು ಕರವಸ್ತ್ರ, ಹನ್ನೆರಡು ಊಟದ ಕೈವಸ್ತ್ರ, ಮೂರು ಮೇಜುಬಟ್ಟೆ, ಒಂದಿಷ್ಟು ಕಾಲರು ಮತ್ತು ತೋಳಿನ ಪಟ್ಟಿ. ಮನೆಯಲ್ಲಿ ಇಲ್ಲದ ಬಟ್ಟೆಯನ್ನೂ ಕೇಳಿ ಬರೆದುಕೊಂಡರು. ಯಾರು ಹೇಳಿದ್ದಿರಬಹುದು? ಲೆಕ್ಕ ಗೊತ್ತಿರುವವಳು ಹೆಂಡ್ರಿಕ್ಯೆ ಸ್ಟೊಫೆಲ್ಸ್ ಇರಬೇಕು ಅಂತ ನನ್ನ ಅಂದಾಜು. ಮನೆಗೆಲಸಕ್ಕೆ ಬಂದು ರೆಂಬ್ರಾಂಟನ ಸಂಗಾತಿಯಾದವಳು. ಅವರಿಗೆ 1654ರಲ್ಲಿ ಮಗಳು ಹುಟ್ಟಿದ್ದಳು. ಮದುವೆಯಾಗದೆ ಬಾಳುತ್ತಿದ್ದಾಳೆ ಅಂತ ಅದೇ ವರ್ಷ ಚರ್ಚು ಅವಳನ್ನು ಕರೆಸಿ ಪ್ರಸಾದದಿಂದ ಹೊರಗಿಟ್ಟಿತ್ತು. ಮದುವೆಯಾಗದೆ ಇರಲು ಒಂದು ಕಾರಣವೂ ಲೆಕ್ಕದಲ್ಲೇ ಇದೆ. ರೆಂಬ್ರಾಂಟ್ ಮತ್ತೆ ಮದುವೆಯಾದರೆ ಸಾಸ್ಕಿಯಾಳ ಪಾಲಿನ ಮೇಲೆ ಅವನಿಗಿದ್ದ ಅನುಭೋಗದ ಹಕ್ಕು ಹೋಗುತ್ತಿತ್ತು.

ರೆಂಬ್ರಾಂಟನ ಮೇಲೆ ಕನಿಕರ ಸುರಿಸುವ ಮುಂಚೆ ಇನ್ನೊಂದು ಹೆಸರು ಹೇಳಬೇಕು. ಗೀರ್ತ್ಯೆ ಡಿರ್ಕ್ಸ್. ಸಾಸ್ಕಿಯಾ ಹೋದ ಮೇಲೆ ಟೈಟಸ್‌ನನ್ನು ಸಾಕಲು ಬಂದವಳು, ರೆಂಬ್ರಾಂಟನ ಜೊತೆ ವರ್ಷಗಟ್ಟಲೆ ಬಾಳಿದವಳು. ಹೆಂಡ್ರಿಕ್ಯೆ ಬಂದ ಮೇಲೆ ಅವಳನ್ನು ಹೊರಗೆ ಕಳಿಸಲಾಯಿತು. 1649ರಲ್ಲಿ ಅವಳು ಮದುವೆಯ ಮಾತು ಮುರಿದ ಅಂತ ಕೇಸು ಹಾಕಿದಳು. ವರ್ಷಕ್ಕೆ 200 ಗಿಲ್ಡರ್ ಜೀವನಾಂಶ ಕೊಡಬೇಕು ಅಂತ ತೀರ್ಪಾಯಿತು. ಮರುವರ್ಷ ಅವಳನ್ನು ಖೌಡಾ ಊರಿನ ಹೆಂಗಸರ ಬಂದೀಖಾನೆಗೆ ಸೇರಿಸುವುದರಲ್ಲಿ ರೆಂಬ್ರಾಂಟನ ಕೈ ಇತ್ತು. ಅಲ್ಲಿ ಐದು ವರ್ಷ ಕಳೆದಳು. 1656ರಲ್ಲಿ ರೆಂಬ್ರಾಂಟನಿಂದ ಹಣ ಬರಬೇಕಾದವರ ಸಾಲಿನಲ್ಲಿ ಅವಳೂ ಇದ್ದಳು. ಮುದುಕರ ಮುಖದಲ್ಲಿ ಅಷ್ಟು ಕರುಣೆ ಬರೆದವನು ಇದನ್ನೂ ಮಾಡಿದ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡೇ ಆ ಮನೆಯಲ್ಲಿ ಓಡಾಡಬೇಕು.

ಹರಾಜು ಎರಡು ವರ್ಷ ಎಳೆಯಿತು. ಸಾಮಾನುಗಳು ಹೋದವು. ಕಾಲ್ವರ್‌ಸ್ಟ್ರಾಟ್ ಬೀದಿಯ ಒಂದು ಛತ್ರದಲ್ಲಿ ರೇಖಾಚಿತ್ರ ಮತ್ತು ಮುದ್ರಣಗಳ ಹರಾಜಾಯಿತು. ಜನ್ಮವಿಡೀ ಕೂಡಿಸಿದ್ದಕ್ಕೆ ಬಂದದ್ದು ಪುಡಿಗಾಸು. 1658ರಲ್ಲಿ ಮನೆಯೂ ಹೋಯಿತು, 11,218 ಗಿಲ್ಡರ್‌ಗೆ. ಕೊಂಡವರಲ್ಲಿ ಒಬ್ಬ ಚಪ್ಪಲಿ ವ್ಯಾಪಾರದವ. ಹೊರಡುವಾಗ ಎರಡು ಒಲೆ ಮತ್ತು ಶಿಷ್ಯರಿಗಾಗಿ ಅಟ್ಟದಲ್ಲಿ ಹಾಕಿಸಿದ್ದ ಮರದ ತಡಿಕೆಗಳನ್ನು ಕೊಂಡೊಯ್ಯಲು ರೆಂಬ್ರಾಂಟನಿಗೆ ಅವಕಾಶ ಕೊಟ್ಟರು.

ನಷ್ಟ ಯಾರ ಪಾಲಿಗೆ ಬಂತು ಅನ್ನುವುದನ್ನೂ ನೋಡಿ. ವಿಟ್ಸೆನ್‌ಗೆ ಅಧಿಕಾರ ಇತ್ತು, ಅವನ ಹಣ ಅವನಿಗೆ ಬಂತು. ಹರ್ಟ್ಸ್‌ಬೇಕ್‌ಗೂ 4,200 ಬಂದಿತ್ತು. ಆದರೆ ಟೈಟಸ್‌ನ ಪೋಷಕರು ಹುಡುಗನ ಪಾಲೇ ಮೊದಲು ಅಂತ ವರ್ಷಗಟ್ಟಲೆ ಕೇಸು ನಡೆಸಿ ಗೆದ್ದರು, ಹರ್ಟ್ಸ್‌ಬೇಕ್ ಪಡೆದದ್ದನ್ನು ವಾಪಸ್ ಕೊಡಬೇಕಾಯಿತು. ಕೊನೆಗೆ 1665ರಲ್ಲಿ ಟೈಟಸ್ ಕೈಗೆ ಸಿಕ್ಕಿದ್ದು 6,952 ಗಿಲ್ಡರ್. ಕಾಗದದ ಮೇಲಿದ್ದ 20,375ರಲ್ಲಿ ಮೂರನೇ ಒಂದು ಭಾಗ. ದಿವಾಳಿ ಅಂದರೆ ಸಾಲ ಮಾಯವಾಗುವುದಿಲ್ಲ, ಇನ್ಯಾರದೋ ಮನೆಗೆ ಹೋಗಿ ಕೂರುತ್ತದೆ.

ಮನೆ ಬಿಟ್ಟ ಸಂಸಾರ ರೋಝೆನ್‌ಗ್ರಾಕ್ಟ್ ಅನ್ನುವ ಕಾಲುವೆ ಬದಿಯ ಬಾಡಿಗೆ ಮನೆಗೆ ಹೋಯಿತು. ಬಾಡಿಗೆ ವರ್ಷಕ್ಕೆ 225 ಗಿಲ್ಡರ್. 1660ರ ಡಿಸೆಂಬರಿನಲ್ಲಿ ಹೆಂಡ್ರಿಕ್ಯೆ ಮತ್ತು ಟೈಟಸ್ ಸೇರಿ ಕಲಾವ್ಯಾಪಾರದ ಕಂಪನಿ ಮಾಡಿ, ರೆಂಬ್ರಾಂಟನನ್ನು ಅದರಲ್ಲಿ ಕೆಲಸಕ್ಕಿದ್ದವನ ಹಾಗೆ ಇಟ್ಟುಕೊಂಡರು. ಅವನು ಬರೆದದ್ದೆಲ್ಲ ಕಂಪನಿಯದ್ದು, ಅವನಿಗೆ ಊಟ ವಸತಿ. ಸಾಲಗಾರರು ಮತ್ತೆ ಬಂದು ಚಿತ್ರ ಎತ್ತಿಕೊಂಡು ಹೋಗಬಾರದು ಅಂತ ಈ ಏರ್ಪಾಡು. ಪ್ರಪಂಚದ ದೊಡ್ಡ ಚಿತ್ರಕಾರರಲ್ಲಿ ಒಬ್ಬ, 54ನೇ ವಯಸ್ಸಿನಲ್ಲಿ, 19 ವರ್ಷದ ಮಗನ ಕಂಪನಿಯ ನೌಕರ.

ಆ ಬಾಡಿಗೆ ಮನೆಯ ಕಾಲದಲ್ಲೇ ಬಟ್ಟೆ ವ್ಯಾಪಾರಿಗಳ ಸಂಘದ ಅಧಿಕಾರಿಗಳ ಚಿತ್ರ ಬಂತು, 1662ರಲ್ಲಿ. ‘ಯಹೂದಿ ವಧು’ ಬಂತು. ತನ್ನದೇ ವಯಸ್ಸಾದ ಮುಖವನ್ನು ಒಂದು ಸುಕ್ಕನ್ನೂ ಬಿಡದೆ ನೋಡಿದ ಆತ್ಮಚಿತ್ರಗಳು ಬಂದವು. ಇದರಿಂದ ‘ಬಡತನ ಕಲೆಗೆ ಒಳ್ಳೆಯದು’ ಅಂತ ಯಾರೂ ತೀರ್ಮಾನ ಮಾಡಬಾರದು. ಸಾಲ ಯಾರನ್ನೂ ದೊಡ್ಡವರನ್ನಾಗಿ ಮಾಡಲ್ಲ. ಅಷ್ಟೆಲ್ಲ ಹೋದ ಮೇಲೂ ಒಂದು ಹೋಗಲಿಲ್ಲ: ಬೆಳಿಗ್ಗೆ ಎದ್ದು ಮಾಡುವ ಕೆಲಸ. 363 ನಮೂದುಗಳಲ್ಲಿ ಗುಮಾಸ್ತ ಬರೆದುಕೊಳ್ಳಲು ಆಗದೆ ಹೋದದ್ದು ಅದೊಂದೇ.

ನಮ್ಮವರಿಗೆ ಖುಷಿ ಕೊಡುವ ಒಂದು ವಿಷಯ ಇಲ್ಲಿದೆ. ಪಟ್ಟಿಯಲ್ಲಿ ವಿಶೇಷವಾದ ಕಿರುಚಿತ್ರಗಳಿರುವ ಒಂದು ಪುಸ್ತಕದ ನಮೂದಿದೆ. ಅವು ಮೊಗಲರ ಕಿರುಚಿತ್ರಗಳಿರಬಹುದು ಅನ್ನುವುದು ಕೆಲವು ವಿದ್ವಾಂಸರ ಊಹೆ. ಊಹೆ ಬಿಡಿ, ರೆಂಬ್ರಾಂಟ್ ಮೊಗಲ್ ಚಿತ್ರಗಳನ್ನು ನೋಡಿ ಬರೆದ ಇಪ್ಪತ್ತಕ್ಕೂ ಹೆಚ್ಚು ರೇಖಾಚಿತ್ರಗಳು ಇವತ್ತಿಗೂ ಇವೆ. ಸುಮಾರು 1656ರಿಂದ 1661ರ ನಡುವಿನವು. ಅಂದರೆ ಜಪ್ತಿ, ಹರಾಜು, ಮನೆ ಖಾಲಿ ಮಾಡುವುದು, ಎಲ್ಲ ನಡೆಯುತ್ತಿದ್ದ ವರ್ಷಗಳು. ದುಬಾರಿಯಾದ ಏಷ್ಯಾದ ಕಾಗದದ ಮೇಲೆ ಷಾಜಹಾನ್, ಜಹಾಂಗೀರ್, ದಾರಾ ಶಿಕೋಹ್. ಮರದ ಕೆಳಗೆ ಕೂತ ನಾಲ್ವರು ಮುಸ್ಲಿಂ ಸಂತರ ಚಿತ್ರವೂ ಅದರಲ್ಲಿದೆ. ಅದರ ಕೂರುವ ಭಂಗಿಯನ್ನೇ ತೆಗೆದುಕೊಂಡು, 1656ರಲ್ಲಿ ಬೈಬಲ್ಲಿನ ಅಬ್ರಹಾಂ ದೇವದೂತರಿಗೆ ಊಟ ಹಾಕುವ ಮುದ್ರಣಚಿತ್ರ ಮಾಡಿದ. ಅತಿಥಿಗಳು ನಮ್ಮ ಹಾಗೆ ನೆಲದ ಮೇಲೆ ಕೂತಿದ್ದಾರೆ.

ಮನೆಯ ಮುಂದಿನ ಕತೆ ಚಿಕ್ಕದು. ಕೊಂಡವರು ಅದನ್ನು ಎರಡು ಪಾಲು ಮಾಡಿದರು. ಕೈಯಿಂದ ಕೈಗೆ ಹೋಗಿ, ಬೀದಿ ಬಡವಾದ ಹಾಗೆ ಮನೆಯೂ ಹಾಳಾಯಿತು. 20ನೇ ಶತಮಾನದ ಮೊದಲಲ್ಲಿ ನಗರಸಭೆ ಅದನ್ನು ಕೊಂಡಿತು, 1911ರಲ್ಲಿ ರಾಣಿ ವಿಲ್ಹೆಲ್ಮಿನಾ ಮ್ಯೂಸಿಯಂ ತೆರೆದಳು. ಬಹಳ ಕಾಲ ಒಳಗೆ ಬರೀ ಮುದ್ರಣಚಿತ್ರಗಳ ಪ್ರದರ್ಶನ ಇತ್ತು. 1990ರ ದಶಕದ ಕೊನೆಯಲ್ಲಿ ಜಪ್ತಿ ಪಟ್ಟಿಯನ್ನು ಕೈಯಲ್ಲಿ ಹಿಡಿದು, ಗುಮಾಸ್ತ ನಡೆದ ದಾರಿಯಲ್ಲೇ ನಡೆದು, ಆ ಕಾಲದ ಅದೇ ಬಗೆಯ ಸಾಮಾನುಗಳನ್ನು ಹುಡುಕಿ ತಂದು ಕೋಣೆಗಳನ್ನು ತುಂಬಿದರು. ಈಗ ಅಲ್ಲಿರುವ ಕುರ್ಚಿ ರೆಂಬ್ರಾಂಟ್ ಕೂತದ್ದಲ್ಲ, ಶಂಖ ಅವನು ಕೊಂಡದ್ದಲ್ಲ. ಆದರೆ ಕುರ್ಚಿ ಇದ್ದ ಕೋಣೆ ಅದೇ, ಶಂಖ ಇದ್ದ ಕೋಣೆಯೂ ಅದೇ. ನೀವು ಹೋದರೆ ಮೇಲಿನ ಕೋಣೆಯಲ್ಲಿ ಬಣ್ಣ ಅರೆದು ಅಗಸೆ ಎಣ್ಣೆಯಲ್ಲಿ ಕಲಸಿ ತೋರಿಸುವವರ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿ. ಆ ವಾಸನೆ ಮಾತ್ರ ನಕಲಲ್ಲ.

ಹೆಂಡ್ರಿಕ್ಯೆ 1663ರಲ್ಲಿ ಹೋದಳು. ಟೈಟಸ್ 1668ರಲ್ಲಿ, ಮದುವೆಯಾದ ವರ್ಷವೇ. ರೆಂಬ್ರಾಂಟ್ 1669ರ ಅಕ್ಟೋಬರ್ 4ರಂದು ತೀರಿಕೊಂಡ. ವೆಸ್ಟರ್‌ಕೆರ್ಕ್ ಚರ್ಚಿನಲ್ಲಿ ಬಾಡಿಗೆಯ ಗುಂಡಿಯಲ್ಲಿ ಹೂಳಿದರು, ಯಾವ ಜಾಗ ಅನ್ನುವುದು ಗುರುತಿಲ್ಲ.

ಸತ್ತ ಮರುದಿನ ಇನ್ನೊಂದು ಪಟ್ಟಿ ಆಯಿತು, ರೋಝೆನ್‌ಗ್ರಾಕ್ಟ್ ಮನೆಯದ್ದು. ಅದರಲ್ಲಿ ಮಂಚ, ಕುರ್ಚಿ, ಪಾತ್ರೆಪಗಡಿ ಬರೆದ ಮೇಲೆ, ಚಿತ್ರಗಳು, ರೇಖಾಚಿತ್ರಗಳು, ಅಪರೂಪದ ವಸ್ತುಗಳು, ಪ್ರಾಚೀನ ವಸ್ತುಗಳು ಇದ್ದವೆಂದೂ ಅವನ್ನು ಮೂರು ಕೋಣೆಗಳಲ್ಲಿಟ್ಟು ಮೊಹರು ಹಾಕಿತೆಂದೂ ಇದೆ. ಅಂದರೆ ಎಲ್ಲ ಕಳೆದುಕೊಂಡ ಮನುಷ್ಯ ಮತ್ತೆ ಕೂಡಿಸಲು ಶುರುಮಾಡಿದ್ದ. ಏನೇನು ಕೂಡಿಸಿದ್ದ ಅಂತ ಒಂದೊಂದಾಗಿ ಯಾರೂ ಬರೆದಿಡಲಿಲ್ಲ. ಈ ಸಲ ಬಾಗಿಲಲ್ಲಿ ಸಾಲಗಾರರು ನಿಂತಿರಲಿಲ್ಲವಲ್ಲ. ಆ ಮನೆ ಈಗಿಲ್ಲ. ರೋಝೆನ್‌ಗ್ರಾಕ್ಟ್ 184ರ ಕಟ್ಟಡದ ಗೋಡೆಯ ಮೇಲೆ ಒಂದು ಫಲಕ ಇದೆ, ಮುಂದೆ ಟ್ರಾಮ್ ಓಡಾಡುತ್ತದೆ.